ಆಟದ ವಿಡಿಯೊ ತುಣುಕುಗಳು: ಹಾಸನದ ಎಡಿಟರ್ ಅವರನ್ನು ಕೇಳಿ

ಬೇಲೂರು: ಸರ್, ಬಿಜಿಎಂಐ ಎಂಬ ಗುಂಡಿನ ಕಾಳಗದ ಮೊಬೈಲ್ ಆಟ ಆಡಿದ ತುಣುಕುಗಳು ಮುನ್ನೂರು ದಾಟಿವೆ. ಎಲ್ಲಕ್ಕೂ ಬರೀ ದಿನಾಂಕವೇ ಹೆಸರು. ಹೇಗೆ ವಿಂಗಡಿಸಲಿ?

ಎಡಿಟರ್: ದಿನಾಂಕ ತೆಗೆಯಬೇಡಿ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿದ್ದರೆ ಫೈಲುಗಳು ತಾವೇ ಸಾಲಾಗಿ ನಿಲ್ಲುತ್ತವೆ. ಅದರ ಪಕ್ಕದಲ್ಲಿ ಆಟದ ನಕ್ಷೆಯ ಹೆಸರು ಮತ್ತು ನಡೆದ ಸಂಗತಿ ಬರೆಯಿರಿ: 2025-06-14_ಎರಂಗೆಲ್_ಸೇತುವೆ ಹೊಂಚು. ‘ಸೂಪರ್’ ಎಂದು ಬರೆದರೆ ಆರು ತಿಂಗಳ ಮೇಲೆ ಯಾವ ಸೂಪರ್ ಎಂದು ನಿಮಗೇ ಹೊಳೆಯದು. ಆಡಿದ ರಾತ್ರಿಯೇ ಬರೆದು ಮಲಗಿ.

ಅರಸೀಕೆರೆ: ಹೆಸರಿನಲ್ಲಿ 10:30 ಎಂದು ಬರೆಯಲು ಬಿಡುತ್ತಿಲ್ಲ.

ಎಡಿಟರ್: ವಿಂಡೋಸ್ ಆ ಎರಡು ಚುಕ್ಕಿಯನ್ನು ಒಪ್ಪುವುದಿಲ್ಲ. 10-30.

ಸಕಲೇಶಪುರ: ಪರದೆ ರೆಕಾರ್ಡ್ ಮಾಡುವ ಓಬಿಎಸ್ ತಂತ್ರಾಂಶದಲ್ಲಿ ಎರಡು ಗಂಟೆ ರೆಕಾರ್ಡ್ ಆಗಿತ್ತು, ಮಳೆಗೆ ಕರೆಂಟ್ ಹೋಯಿತು. 14 ಜಿಬಿಯ ಎಂಪಿ4 ವಿಡಿಯೊ ಫೈಲು ಕಾಣುತ್ತದೆ, ತೆರೆಯುವುದಿಲ್ಲ. ‘ಹಾಳಾದವು’ ಎಂಬ ಫೋಲ್ಡರಿಗೆ ಹಾಕಲೇ, ಅಳಿಸಲೇ?

ಎಡಿಟರ್: ಅಳಿಸಲೇಬೇಡಿ. ನಿಮ್ಮ ಪ್ರಶ್ನೆ ಓದಿ ಊಟ ಬಿಟ್ಟು ಬರೆಯುತ್ತಿದ್ದೇನೆ. ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿಯನ್ನು ಸಾಮಾನ್ಯ ಎಂಪಿ4 ರೆಕಾರ್ಡಿಂಗ್ ನಿಲ್ಲಿಸುವಾಗ ಬರೆದುಕೊಳ್ಳುತ್ತದೆ. ಕರೆಂಟ್ ಹೋದದ್ದರಿಂದ ಆ ಪಟ್ಟಿ ಹುಟ್ಟಲೇ ಇಲ್ಲ. 14 ಜಿಬಿ ಕಾಣುತ್ತಿದೆ ಎಂದರೆ ಆಟದ ಬಹುಪಾಲು ಒಳಗೆ ಇರಬೇಕು. ಮೊದಲು ಬೇರೆ ಡಿಸ್ಕಿಗೆ ನಕಲು ಮಾಡಿ, ಮೂಲವನ್ನು ಮುಟ್ಟಬೇಡಿ. ಆಮೇಲೆ ಅದೇ ಓಬಿಎಸ್, ಅದೇ ಸೆಟ್ಟಿಂಗ್‌ನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ ಸರಿಯಾಗಿ ನಿಲ್ಲಿಸಿ. ಅನ್‌ಟ್ರಂಕ್ ಎಂಬ ತಂತ್ರಾಂಶ ಆ ಒಳ್ಳೆಯ ಫೈಲನ್ನು ನೋಡಿಕೊಂಡು ಕೆಟ್ಟದ್ದಕ್ಕೆ ಪಟ್ಟಿ ಕಟ್ಟಲು ಯತ್ನಿಸುತ್ತದೆ. ಖಾತರಿ ಕೊಡಲಾರೆ. ಮುಂದೆ ಎಂಕೆವಿ ಎಂಬ ಬಗೆಯ ಫೈಲಿನಲ್ಲೇ ರೆಕಾರ್ಡ್ ಮಾಡಿ, ನಡುವೆ ನಿಂತರೂ ಅಲ್ಲಿಯವರೆಗಿನದು ತೆರೆಯುತ್ತದೆ. ಮುಗಿದ ಮೇಲೆ ಓಬಿಎಸ್‌ನಲ್ಲೇ ಎಂಪಿ4ಗೆ ರೀಮಕ್ಸ್ ಮಾಡಿ, ಅಂದರೆ ಚಿತ್ರ ಮುಟ್ಟದೆ ಫೈಲಿನ ಬಗೆ ಮಾತ್ರ ಬದಲಿಸಿ. ಗುಣಮಟ್ಟ ಕುಂದುವುದಿಲ್ಲ. ಓಬಿಎಸ್‌ನ 30.2ನೇ ಆವೃತ್ತಿಯಿಂದ ಬಂದಿರುವ, ನಡುವೆ ನಿಂತರೂ ಉಳಿಯುವ ಹೈಬ್ರಿಡ್ ಎಂಪಿ4 ಕೂಡ ಆದೀತು.

ಚಿಕ್ಕಮಗಳೂರು: ಅಷ್ಟೆಲ್ಲ ಬೇಡ. ಫೈಲಿನ ಹೆಸರಿನ ಕೊನೆಯಲ್ಲಿರುವ ‘ಎಂಪಿ4’ ಅಳಿಸಿ ‘ಎಂಕೆವಿ’ ಎಂದು ಬರೆದರೆ ತೆರೆಯುತ್ತದಂತೆ. ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ.

ಎಡಿಟರ್: ರಾಗಿ ಮೂಟೆಯ ಮೇಲೆ ಕಾಫಿ ಎಂದು ಬರೆದು ಮಂಡಿಗೆ ಒಯ್ಯುತ್ತೀರಾ?

ಚಿಕ್ಕಮಗಳೂರು: ಹಾರ್ಡ್ ಡಿಸ್ಕನ್ನು ಫ್ರಿಜ್‌ನಲ್ಲಿಟ್ಟರೆ...

ಎಡಿಟರ್: ಇಡಬೇಡಿ. ಒಳಗೆ ನೀರು ಕೂತರೆ ಇರುವ ವಿಡಿಯೊಗಳೂ ಹೋಗುತ್ತವೆ. ಸ್ವತಃ ಮಾಡಿ ನೋಡದ್ದನ್ನು ಇಲ್ಲಿ ಅಂಟಿಸಬೇಡಿ.

ಆಲೂರು: ಪೆನ್‌ಡ್ರೈವ್ 5 ಜಿಬಿ ಫೈಲನ್ನು ತೆಗೆದುಕೊಳ್ಳುತ್ತಿಲ್ಲ, ಜಾಗವಿದೆ.

ಎಡಿಟರ್: ಅದರ ಫಾರ್ಮ್ಯಾಟ್, ಅಂದರೆ ಫೈಲು ಜೋಡಿಸುವ ಕ್ರಮ, ಹಳೆಯ ಫ್ಯಾಟ್32 ಇರಬೇಕು. ಒಂದು ಫೈಲಿಗೆ 4 ಜಿಬಿ ಮಿತಿ. ಅದರಲ್ಲಿರುವುದನ್ನು ತೆಗೆದಿಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಹೊಳೆನರಸೀಪುರ: ಹೆಸರುಗಳನ್ನು ಕನ್ನಡದಲ್ಲಿ ಇಡಬಾರದು, ಹುಡುಕಿದರೆ ಸಿಗುವುದಿಲ್ಲ.

ಬೇಲೂರು: ನನಗೆ ಸಿಗುತ್ತಿದೆ.

ಹೊಳೆನರಸೀಪುರ: ‘ಎರಂಗೆಲ್’ ಎಂದು ಒಮ್ಮೆ, ‘ಎರಾಂಗಲ್’ ಎಂದು ಒಮ್ಮೆ ಬರೆದರೆ?

ಬೇಲೂರು: ಅದು ಬರೆಯುವವನ ತಪ್ಪು, ಭಾಷೆಯದಲ್ಲ. ಇಂಗ್ಲಿಷಿನಲ್ಲಿ ನೀವೇನು ತಪ್ಪುವುದಿಲ್ಲವೇ?

ಹೊಳೆನರಸೀಪುರ: ನನ್ನ ಇಂಗ್ಲಿಷ್ ನಿಮಗೇಕೆ?

ಚನ್ನರಾಯಪಟ್ಟಣ: ತಂಡದ ನಾಲ್ವರ ರೆಕಾರ್ಡಿಂಗ್ ಒಂದೇ ಫೋಲ್ಡರಿನಲ್ಲಿರಬೇಕೇ?

ಅರಸೀಕೆರೆ: ತುಣುಕುಗಳನ್ನು ಹೇಗೆ ವಿಂಗಡಿಸುವುದು ಸರ್?

ಎಡಿಟರ್: ಮೇಲೆ ಓದಿ.

ಹೊಳೆನರಸೀಪುರ: ಮೇಲೆ ಬರೆದಿರುವುದೂ ಕನ್ನಡದ ಹೆಸರೇ. ಅದೇ ತೊಂದರೆ.

ಎಡಿಟರ್: ಒಂದು ಕಾಗುಣಿತ ಹಿಡಿದು ಅದನ್ನೇ ಬರೆಯಿರಿ, ಯಾವ ಭಾಷೆಯಾದರೂ ಸರಿ. ಜಗಳ ಬೇರೆಲ್ಲಾದರೂ ಆಡಿ. ಸಕಲೇಶಪುರದವರೇ, ನಕಲಾಯಿತೇ?

ಸಕಲೇಶಪುರ: ಅರ್ಧವಾಗಿತ್ತು ಸರ್, ಮತ್ತೆ ಕರೆಂಟ್ ಹೋಯಿತು. ಮೊಬೈಲಿನಿಂದ ಬರೆಯುತ್ತಿದ್ದೇನೆ.

ಎಡಿಟರ್: ಕರೆಂಟ್ ಬಂದ ಮೇಲೆ ಅರ್ಧ ನಕಲನ್ನು ಅಳಿಸಿ ಮೊದಲಿನಿಂದ ಮಾಡಿ. ಅಳಿಸುವಾಗ ಯಾವ ಡಿಸ್ಕ್ ಎಂದು ಎರಡು ಸಲ ನೋಡಿ.