ಹಳೇ ಕೇಸಿನ ಬಂಧನ ದಾಖಲೆ, ಕೋರ್ಟ್ ಕಾಗದ ಎಲ್ಲಿ ಸಿಗುತ್ತದೆ?

ಪ್ರಶ್ನೆ: ಮೇಡಂ, ನಮಸ್ಕಾರ. 2016ರ ಜಾತ್ರೆ ಸಮಯದಲ್ಲಿ ಊರಲ್ಲಿ ಗಲಾಟೆ ಆಗಿ ನನ್ನ ತಮ್ಮನ ಮೇಲೂ ಕೇಸ್ ಹಾಕಿದ್ದರು. ಒಂದು ರಾತ್ರಿ ಠಾಣೆಯಲ್ಲಿದ್ದ, ಮರುದಿನ ಬೇಲ್ ಆಯಿತು. ಆಮೇಲೆ ಎರಡೂ ಕಡೆಯವರು ರಾಜಿಯಾದರು, ಕೇಸ್ ಮುಗಿಯಿತು ಎಂದು ಆಗಿನ ವಕೀಲರು ಹೇಳಿದ್ದರು. ಆ ವಕೀಲರು ಈಗ ಇಲ್ಲ, ನಮ್ಮ ಹತ್ತಿರ ಒಂದು ಚೀಟಿಯೂ ಇಲ್ಲ. ತಮ್ಮನಿಗೆ ಈಗ ಸರ್ಕಾರಿ ಕೆಲಸ ಆಗಿದೆ, ಪೊಲೀಸ್ ವೆರಿಫಿಕೇಶನ್ ಬರುತ್ತದೆ. ಠಾಣೆಯಲ್ಲಿ ಕೇಳಿದರೆ ಹಳೇದು ಸಿಗಲ್ಲ ಎಂದರು. ಅರೆಸ್ಟ್ ರೆಕಾರ್ಡ್ ಬೇರೆ ಎಲ್ಲಿ ಸಿಗುತ್ತದೆ?

ವಕೀಲರ ಉತ್ತರ: ಅರೆಸ್ಟ್ ರೆಕಾರ್ಡ್ ಎಂದು ಪ್ರತ್ಯೇಕ ಕಾಗದ ಹುಡುಕಬೇಡಿ. ಬಂಧನದ ಮೆಮೊ, ರಿಮಾಂಡ್ ಅರ್ಜಿ, ಜಾಮೀನು ಆದೇಶ, ಎಲ್ಲವೂ ಕೇಸಿನ ಫೈಲಿನಲ್ಲೇ ಇರುತ್ತವೆ. ಹಾಗಾಗಿ ಹುಡುಕಬೇಕಾದದ್ದು ಕೇಸನ್ನು. ಠಾಣೆಯಲ್ಲಿ ಅದಕ್ಕೆ ಕ್ರೈಂ ನಂಬರ್ (ಎಫ್‌ಐಆರ್ ನಂಬರ್ ಎನ್ನುವುದೂ ಇದನ್ನೇ) ಇರುತ್ತದೆ, ಚಾರ್ಜ್‌ಶೀಟ್ ಕೋರ್ಟಿಗೆ ಹೋದ ಮೇಲೆ ಸಿ.ಸಿ. ನಂಬರ್ ಬೀಳುತ್ತದೆ. ಇವುಗಳ ಜೊತೆ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಗುರುತು ಇರುತ್ತದೆ, ನಮ್ಮ ರಾಜ್ಯದ್ದು 'ಕೆಎ' ಎಂದು ಶುರುವಾಗುತ್ತದೆ. ಇದರಲ್ಲಿ ಯಾವುದಾದರೂ ಒಂದು ಸಿಕ್ಕರೆ ಉಳಿದದ್ದು ಸಿಕ್ಕಂತೆಯೇ.

ಠಾಣೆಗೆ ಮತ್ತೆ ಅಲೆಯುವ ಮೊದಲು ಕೋರ್ಟುಗಳ ಕೇಸಿನ ವಿವರ ತೋರಿಸುವ ಇಕೋರ್ಟ್ಸ್ ವೆಬ್‌ಸೈಟ್ ಅಥವಾ ಆ್ಯಪ್ ನೋಡಿ. ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿದರೆ ಎಫ್‌ಐಆರ್ ನಂಬರ್ ಮೇಲೂ ಹುಡುಕಬಹುದು, ಪಾರ್ಟಿ ಹೆಸರಿನ ಮೇಲೂ ಹುಡುಕಬಹುದು. ನಿಮಗೆ ನಂಬರ್ ಗೊತ್ತಿಲ್ಲ, ಹಾಗಾಗಿ ಹೆಸರೇ ಗತಿ. ಹೆಚ್ಚಿನವರು ಇಲ್ಲೇ ಸೋತು ಬಿಡುತ್ತಾರೆ. ಗಲಾಟೆ 2016ರದ್ದಾದರೂ ಚಾರ್ಜ್‌ಶೀಟ್ ತಡವಾಗಿ ಹೋಗಿದ್ದರೆ ಸಿ.ಸಿ. ನಂಬರ್ 2017ರದ್ದೋ 2018ರದ್ದೋ ಆಗಿರುತ್ತದೆ. ಮೂರೂ ವರ್ಷ ಹಾಕಿ ನೋಡಿ. ಬಾಕಿ ಇರುವ ಕೇಸು, ಮುಗಿದ ಕೇಸು ಎರಡನ್ನೂ ಆರಿಸಿ. ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಹೊಡೆದಿದ್ದಾರೋ ಹೇಳಲಾಗದು. ಮಂಜುನಾಥ ಎಂದರೆ ಕೊನೆಗೆ ಒಂದು 'ಎ' ಇರಬಹುದು, ಇಲ್ಲದೆಯೂ ಇರಬಹುದು. ಪೂರ್ತಿ ಹೆಸರು ಬೇಡ, ಮೊದಲ ನಾಲ್ಕೈದು ಅಕ್ಷರ ಸಾಕು. ತಮ್ಮನ ಹೆಸರಲ್ಲಿ ಸಿಗದಿದ್ದರೆ ಜೊತೆಗಿದ್ದ ಬೇರೆ ಆರೋಪಿಗಳ ಹೆಸರು ಹಾಕಿ. ಜಾತ್ರೆ ಗಲಾಟೆ ಎಂದರೆ ಒಬ್ಬನೇ ಆರೋಪಿ ಇರುವುದು ಅಪರೂಪ.

ಪೊಲೀಸ್ ವೆಬ್‌ಸೈಟಿನಲ್ಲಿ ಎಫ್‌ಐಆರ್ ಸಿಗುತ್ತದಲ್ವಾ ಎಂದು ಕೇಳಬಹುದು. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2016ರ ಸೆಪ್ಟೆಂಬರ್‌ನಲ್ಲಿ, ಜಾರಿಗೆ ಬಂದದ್ದು ಅದೇ ವರ್ಷದ ನವೆಂಬರ್ 15ರಿಂದ. ನಿಮ್ಮ ಜಾತ್ರೆ ಅದಕ್ಕಿಂತ ಮೊದಲಿನದಾದರೆ ಅದನ್ನೇ ನಂಬಿ ಕೂರಬೇಡಿ.

ಅದೇ ಪ್ರಶ್ನೆ ಕೇಳಿದವರು: ಮೇಡಂ, ಸಿಕ್ಕಿತು! ನೀವು ಹೇಳಿದಂತೆ 2017ರ ಸಿ.ಸಿ. ನಂಬರ್. ಮುಗಿದ ಕೇಸು ಎಂದೇ ತೋರಿಸುತ್ತಿದೆ. ಇದರ ಪ್ರಿಂಟ್ ಕೊಟ್ಟರೆ ಸಾಕಾಗುತ್ತದಾ?

ವಕೀಲರ ಉತ್ತರ: ಸಾಲದು. ಪ್ರಿಂಟಿಗೆ ಕೋರ್ಟಿನ ಮೊಹರು ಇರುವುದಿಲ್ಲ. ಆ ಕೋರ್ಟಿನ ನಕಲು ವಿಭಾಗದಲ್ಲಿ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಕೊನೆಯ ಆದೇಶ ಅಥವಾ ತೀರ್ಪು, ಆರ್ಡರ್ ಶೀಟ್ (ಪ್ರತಿ ವಾಯಿದೆಯಲ್ಲಿ ಏನಾಯಿತು ಎಂದು ಬರೆದಿಡುವ ಹಾಳೆ), ಎಫ್‌ಐಆರ್, ಚಾರ್ಜ್‌ಶೀಟ್, ಇಷ್ಟನ್ನೂ ಹೆಸರಿಸಿ ಕೇಳಿ. ಕೇಸ್ ನಂಬರ್, ಮುಗಿದ ದಿನಾಂಕ ಎರಡನ್ನೂ ಬರೆಯಿರಿ. ಮುಗಿದ ಫೈಲು ರೆಕಾರ್ಡ್ ರೂಮಿಗೆ ಹೋಗಿರುತ್ತದೆ, ದಿನಾಂಕ ಇಲ್ಲದಿದ್ದರೆ ಹುಡುಕುವವರೂ ಬೇಸರ ಮಾಡಿಕೊಳ್ಳುತ್ತಾರೆ. ತಮ್ಮ ಆ ಕೇಸಿನ ಪಾರ್ಟಿ, ಆದ್ದರಿಂದ ಯಾಕೆ ಬೇಕು ಎಂದು ಉದ್ದುದ್ದ ಕಾರಣ ಕೊಡಬೇಕಿಲ್ಲ.

ನಕಲು ಕೈಗೆ ಬಂದ ತಕ್ಷಣ ಕೊನೆಯ ಆದೇಶವನ್ನು ನಿಧಾನವಾಗಿ ಓದಿ. 'ಕೇಸ್ ಮುಗಿಯಿತು' ಎಂಬ ಮಾತಿನ ಹಿಂದೆ ಏನು ಬೇಕಾದರೂ ಇರಬಹುದು. ರಾಜಿಯಾಗಿ ಖುಲಾಸೆ ಆಗಿದ್ದರೆ ಒಳ್ಳೆಯದು. ಸಾಕ್ಷಿ ಇಲ್ಲ ಎಂದು ಬಿಡುಗಡೆಯಾಗಿದ್ದರೂ ಸರಿ. ಆದರೆ ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಬಂದಿದ್ದರೆ ಅದು ಶಿಕ್ಷೆಯೇ. 'ಐನೂರು ಕಟ್ಟಿ ಕ್ಲೋಸ್ ಮಾಡಿಸಿದೆವು' ಎಂದು ಸುಮ್ನೆ ಹೇಳಿಕೊಂಡು ತಿರುಗುವವರಿಗೆ ಇದು ಗೊತ್ತೇ ಇರುವುದಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಬೇಲ್ ಆದ ಮೇಲೆ ಕೋರ್ಟಿಗೆ ಹೋಗುವುದನ್ನೇ ಬಿಟ್ಟವರ ಕೇಸು ಎಲ್‌ಪಿಸಿ, ಅಂದರೆ ದೀರ್ಘಕಾಲ ಬಾಕಿ ಉಳಿದ ಕೇಸುಗಳ ರಿಜಿಸ್ಟರಿಗೆ ಹೋಗಿರುತ್ತದೆ. ವರ್ಷಗಟ್ಟಲೆ ಸಮನ್ಸ್ ಬರುವುದಿಲ್ಲ, ಮನೆಯವರು ಮುಗಿಯಿತು ಎಂದುಕೊಳ್ಳುತ್ತಾರೆ. ವಾರಂಟ್ ಹಾಗೇ ಇರುತ್ತದೆ. ಅಂಥದ್ದು ಕಂಡರೆ ಮೊದಲು ವಕೀಲರನ್ನು ಕಂಡು ವಾರಂಟ್ ರದ್ದು ಮಾಡಿಸಿಕೊಳ್ಳಿ, ನಕಲಿನ ಮಾತು ಆಮೇಲೆ.

ಕೆಲಸದ ಫಾರಂ ತುಂಬುವಾಗ ಪ್ರಶ್ನೆ ಸರಿಯಾಗಿ ನೋಡಿ. 'ಶಿಕ್ಷೆ ಆಗಿದೆಯೇ' ಎನ್ನುವುದು ಬೇರೆ, 'ಎಂದಾದರೂ ಬಂಧನ ಆಗಿದೆಯೇ' ಎನ್ನುವುದು ಬೇರೆ. ಎರಡನೆಯದನ್ನು ಕೇಳಿದ್ದರೆ ಖುಲಾಸೆ ಆಗಿದ್ದರೂ ಹೌದು ಎಂದೇ ಬರೆಯಬೇಕು. ಕೇಳಿದ್ದನ್ನು ಮುಚ್ಚಿಟ್ಟರೆ ಅದೇ ಕಾರಣಕ್ಕೆ ಕೆಲಸ ಹೋಗಬಹುದು ಎಂಬುದನ್ನು 2016ರಲ್ಲೇ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರವಾಗಿ ಹೇಳಿದೆ. ಸಣ್ಣ ಕೇಸನ್ನು ಹೇಳಿಕೊಂಡವರಿಗಿಂತ ಬಚ್ಚಿಟ್ಟವರಿಗೇ ತೊಂದರೆ ಜಾಸ್ತಿ.

ಇನ್ನೊಬ್ಬರ ಪ್ರಶ್ನೆ: ಮೇಡಂ, ನಮ್ಮ ಅಕ್ಕನ ಮಗಳಿಗೆ ಒಂದು ಸಂಬಂಧ ಬಂದಿದೆ. ಹುಡುಗನ ಮೇಲೆ ಕೇಸ್ ಇದೆಯಾ ಎಂದು ನಾವು ನೋಡಬಹುದಾ?

ವಕೀಲರ ಉತ್ತರ: ಇಕೋರ್ಟ್ಸ್‌ನಲ್ಲಿ ಯಾರು ಬೇಕಾದರೂ ಹೆಸರು ಹಾಕಿ ನೋಡಬಹುದು. ಆದರೆ ಅದೇ ಹೆಸರಿನವರು ಜಿಲ್ಲೆಗೆ ನೂರು ಜನ ಇರುತ್ತಾರೆ. ತಂದೆಯ ಹೆಸರು, ಊರು ತಾಳೆಯಾಗದೆ ಯಾರ ಮೇಲೂ ಅಪವಾದ ಹೊರಿಸಬೇಡಿ. ಲೈಂಗಿಕ ಅಪರಾಧ, ಪೋಕ್ಸೊದಂಥ ಸೂಕ್ಷ್ಮ ಪ್ರಕರಣಗಳ ಎಫ್‌ಐಆರ್ ಅನ್ನು ಪೊಲೀಸ್ ವೆಬ್‌ಸೈಟಿಗೆ ಹಾಕುವುದೇ ಇಲ್ಲ. ಹಾಗಾಗಿ ಏನೂ ಕಾಣಲಿಲ್ಲ ಎಂದರೆ ಏನೂ ಇಲ್ಲ ಎಂದಲ್ಲ. ಮೂರನೆಯವರಾಗಿ ನಕಲು ಬೇಕಾದರೆ ಕಾರಣ ಬರೆದು ಕೋರ್ಟಿನ ಅನುಮತಿ ಪಡೆಯಬೇಕು. ಮದುವೆ ವಿಚಾರಕ್ಕೆ ಅಷ್ಟು ದೂರ ಹೋಗುವುದಕ್ಕಿಂತ ಹುಡುಗನ ಮನೆಯವರನ್ನೇ ನೇರವಾಗಿ ಕೇಳುವುದು ಮರ್ಯಾದೆ ಎನ್ನುವುದು ನನ್ನ ಅಭಿಪ್ರಾಯ.

ಮತ್ತೊಬ್ಬರ ಪ್ರಶ್ನೆ: ನಿನ್ನೆ ರಾತ್ರಿ ನಮ್ಮ ಭಾವನನ್ನು ಕರೆದುಕೊಂಡು ಹೋಗಿದ್ದಾರೆ. ಯಾವ ಠಾಣೆ ಎಂದೇ ಗೊತ್ತಾಗುತ್ತಿಲ್ಲ.

ವಕೀಲರ ಉತ್ತರ: ಜಿಲ್ಲೆಯ ಪೊಲೀಸ್ ಕಂಟ್ರೋಲ್ ರೂಮಿಗೆ ಈಗಲೇ ಫೋನ್ ಮಾಡಿ. ಬಂಧಿತರ ಹೆಸರು, ವಿಳಾಸ, ಅಪರಾಧ ಯಾವುದು ಎಂಬುದನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಜನರಿಗೆ ಕಾಣುವಂತೆ ಹಾಕಬೇಕು ಎಂದು ಬಿಎನ್‌ಎಸ್‌ಎಸ್ 37ನೇ ಕಲಂ ಹೇಳುತ್ತದೆ. ಬಿಎನ್‌ಎಸ್‌ಎಸ್ ಎಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಜಾಗಕ್ಕೆ ಬಂದಿರುವ ಕಾನೂನು. ಬಂಧಿಸಿದ್ದರೆ ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ಒಬ್ಬರು ಠಾಣೆಯ ಹತ್ತಿರ ಇರಿ, ಇನ್ನೊಬ್ಬರು ವಕೀಲರ ಜೊತೆ ಕೋರ್ಟಿನ ಹತ್ತಿರ ಇರಿ. ಎಫ್‌ಐಆರ್ ನಕಲಿಗೆ ಆರೋಪಿಯ ಪರವಾಗಿ ವಕೀಲರೇ ಅರ್ಜಿ ಕೊಡಬಹುದು.

ಮೊದಲ ಪ್ರಶ್ನೆಯವರು: ಮೇಡಂ, ಇಲ್ಲಿ ಒಬ್ಬರು ಆರ್‌ಟಿಐ ಹಾಕಿ, ಹತ್ತು ರೂಪಾಯಿಯಲ್ಲಿ ಎಲ್ಲಾ ಬರುತ್ತದೆ ಎನ್ನುತ್ತಿದ್ದಾರೆ.

ವಕೀಲರ ಉತ್ತರ: ಕೋರ್ಟ್ ಫೈಲಿಗೆ ಆರ್‌ಟಿಐ ದಾರಿಯಲ್ಲ. ಕೋರ್ಟಿನ ನಿಯಮದ ಪ್ರಕಾರವೇ ನಕಲು ಕೇಳಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಗುಜರಾತ್ ಹೈಕೋರ್ಟ್ ಪ್ರಕರಣದಲ್ಲಿ ಹೇಳಿದೆ. ಠಾಣೆಯಲ್ಲಿರುವ ಕಾಗದಕ್ಕೆ ಹಾಕಬಹುದು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಉತ್ತರಕ್ಕೆ 30 ದಿನ. ತನಿಖೆ ನಡೆಯುತ್ತಿರುವ ಕೇಸಿಗೆ ಆರ್‌ಟಿಐ ಕಾಯ್ದೆಯ 8(1)(ಎಚ್) ಕಲಂ ತೋರಿಸಿ ಇಲ್ಲ ಎನ್ನಬಹುದು, ನಿಮ್ಮದು ಮುಗಿದ ಕೇಸು. ಆದರೂ ಮೊದಲು ನಕಲು ವಿಭಾಗ. ಅಲ್ಲಿ ಫೈಲು ನಾಶವಾಗಿದೆ ಎಂದರೆ ಬಾಯಿಮಾತಿಗೆ ವಾಪಸ್ ಬರಬೇಡಿ, ಹಾಗೆಂದು ಹಿಂಬರಹ ಬರೆಸಿಕೊಳ್ಳಿ. ವೆರಿಫಿಕೇಶನ್‌ಗೆ ಬಂದವರಿಗೆ ಆ ಹಿಂಬರಹವನ್ನೂ ಇಕೋರ್ಟ್ಸ್ ಪ್ರಿಂಟನ್ನೂ ಒಟ್ಟಿಗೆ ಕೊಡಬಹುದು.