ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡ ಪುಟ್ಟಿ

ಪುಟ್ಟೀ, ನಿನ್ನ ಮೆಸೇಜು ಈಗ ನೋಡಿದೆ ಕಣೇ. ನಿನ್ನ ಕೊಲಾಜು ಚಿತ್ರದಲ್ಲಿ ಹೂಜಿ, ನಿಂಬೆಹಣ್ಣು ಎಲ್ಲಾ ಹರಿದ ಕಾಗದ, ಬಟ್ಟೆ ರಟ್ಟಿಗೆ ಅಂಟಿಸಿ ಚೆನ್ನಾಗೇ ಕೂರಿಸಿದ್ದೀಯ. ರಟ್ಟು ದೋಣಿ ಥರ ಬಾಗಿದೆ, ಹೂಜಿ ಹೊಟ್ಟೆ ಸುಕ್ಕಾಗಿದೆ, ನಾಳಿದ್ದು ಕೊಡಬೇಕು, ಇಸ್ತ್ರಿ ಹಾಕಲಾ ಅಂತ ಕೇಳಿದ್ದೀಯಲ್ಲ? ಬೇಡ. ಇಸ್ತ್ರಿ ಪೆಟ್ಟಿಗೆ ಮುಟ್ಟಲೇಬೇಡ.

ನನ್ನ ಕಥೆ ನಿಮ್ಮಮ್ಮನಿಗೆ ಗೊತ್ತು, ಪಕ್ಕದಲ್ಲೇ ನಿಂತು ನಗ್ತಿದ್ದಳು. ನಾನೂ ಹೀಗೇ ಒಂದು ಹೂದಾನಿ ಮಾಡಿದ್ದೆ. ಹೂವಿಗೆ ಕೆಂಪು ಗಾಳಿಪಟದ ಹಾಳೆ, ಮೇಜುಹಾಸಿಗೆ ಬಿಳೀ ಹತ್ತಿ ಬಟ್ಟೆ, ಹೂದಾನಿಗೆ ಮಿರಮಿರ ಮಿಂಚೋ ನೈಲಾನು. ಅಂಟು ಇನ್ನೂ ಹಸಿ. ನಿಮ್ಮ ದೊಡ್ಡಪ್ಪನ ಅಂಗಿ ಮುಗಿಸಿದ್ದೆ, ಪೆಟ್ಟಿಗೆ ಬಿಸಿ ಇತ್ತು, ಸುಕ್ಕು ಹೋಗಲಿ ಅಂತ ಹಾಗೇ ಒಂದು ಸಲ ಎಳೆದುಬಿಟ್ಟೆ ನೋಡು! ನೈಲಾನು ಕರಗಿ ಮುದುಡಿಕೊಳ್ತು. ಬಿಳೀ ಅಂಟು ಶಾಖಕ್ಕೆ ಮೆತ್ತಗಾಗುತ್ತಲ್ಲ, ಅರ್ಧ ಚಿತ್ರ ಪೆಟ್ಟಿಗೆ ತಳಕ್ಕೇ ಅಂಟಿಕೊಂಡು ಬಂತು. ಕೆಂಪು ಬಣ್ಣ ಬಿಟ್ಟು ಮೇಜುಹಾಸಿನ ಮೇಲೆಲ್ಲ ಹರೀತು, ಕೈ ಕೊಯ್ಕೊಂಡವರ ಬ್ಯಾಂಡೇಜು ಥರ. ಆಮೇಲೆ ದೊಡ್ಡಪ್ಪನ ಮುಂದಿನ ಅಂಗಿಗೂ ಕಲೆ, ಅದು ಬೇರೆ ರಾಮಾಯಣ. ಅದಕ್ಕೇ ಹೇಳ್ತಿರೋದು, ಬೆಚ್ಚಗೆ ಮಾತ್ರ ಇಟ್ಟುಕೊಳ್ತೀನಿ, ಮೇಲೆ ಬಟ್ಟೆ ಹಾಕ್ತೀನಿ ಅಂತೆಲ್ಲ ಅನ್ನಬೇಡ, ಇಸ್ತ್ರಿ ಬೇಡ ಅಂದ್ರೆ ಬೇಡ.

ಆ ಚಿತ್ರ ಹಾಳಾದ್ರೂ ಬಟ್ಟೆ ತುಂಡಿನ ಗಂಟು ಉಳಿದಿತ್ತು ನನ್ನ ಹತ್ರ. ಇಪ್ಪತ್ತು ವರ್ಷ ಕೂಡಿಟ್ಟಿದ್ದು, ಒಂದೊಂದು ನೀಲಿಗೂ ಬೇರೆ ಗಂಟು. ಅದನ್ನ ಯಾರು ಗುಜರಿಗೆ ಹಾಕಿದ್ದು? ಈ ಗ್ರೂಪಲ್ಲೇ ಇದ್ದಾನೆ, ಕೇಳಿಸಿಕೊಳ್ತಾನೂ ಇದ್ದಾನೆ. ಕಸ ಅಂದ! 1912ರಲ್ಲಿ ಫ್ರಾನ್ಸಿನ ಚಿತ್ರಕಾರ ಬ್ರಾಕ್ ಮರದ ಗೆರೆ ಅಚ್ಚಾದ ಗೋಡೆಕಾಗದ ಅಂಟಿಸಿ ಹಣ್ಣಿನ ತಟ್ಟೆ, ಗಾಜಿನ ಲೋಟ ಬರೆದನಲ್ಲ, ಅವನ ಮನೇಲಿ ಇಂಥ ತಮ್ಮ ಇರಲಿಲ್ಲ ಪುಣ್ಯಕ್ಕೆ. ಒಂದು ಮಾತು ಕೇಳಬಾರದಾ ನನ್ನ?

ಅಯ್ಯೋ, ನೀನು ಕೇಳಿದ್ದೇ ಮರೆತೆ. ರಟ್ಟು ಬಾಗೋದು ಯಾಕೆ ಅಂದ್ರೆ ಒಂದೇ ಕಡೆ ಅಂಟಿಸಿದ್ದೀಯ, ಒಣಗ್ತಾ ಅದು ಆ ಕಡೆಗೇ ಎಳೆಯುತ್ತೆ. ಮುಂದಿನ ಕಡೆ ಪೂರ್ತಿ ಒಣಗಲಿ. ಆಮೇಲೆ ಹಿಂದುಗಡೆಗೂ ಅಷ್ಟೇ ದೊಡ್ಡ ಕಾಗದ ಅದೇ ಅಂಟಲ್ಲಿ ಅಂಟಿಸು, ಎಳೆತ ಸಮ ಆಗುತ್ತೆ. ಚಿತ್ರದ ಮೇಲೆ ಪ್ಲಾಸ್ಟಿಕ್ ಹಾಳೆ, ಹಿಂದೆ ಹಳೇ ಪೇಪರು, ಮೇಲೆ ಭಾರ, ರಾತ್ರಿಯೆಲ್ಲ ಬಿಡು. ಹೂಜಿ ಸುಕ್ಕು ಹೋಗಲ್ಲ, ಅದರ ಮೇಲೇ ಹೊಸ ತುಂಡು ಹರಿದು ಅಂಟಿಸು. ಅಂಟನ್ನ ತೆಳ್ಳಗೆ ಕೆಳಗಿನ ಪದರಕ್ಕೆ ಸವರು, ಮೇಲೆ ಅಂಟಿಸೋ ಬಟ್ಟೆಗಲ್ಲ, ಇಲ್ಲಾಂದ್ರೆ ಕಲೆ ಮೇಲೆ ಬರುತ್ತೆ. ಮಧ್ಯದಿಂದ ಹೊರಕ್ಕೆ ಬೆರಳಲ್ಲಿ ಒತ್ತು. ಕಾಗದ ಹರಿದಾಗ ಬಿಳೀ ಅಂಚು ಬಂದ್ರೆ ಕತ್ತರಿಸಬೇಡ, ಬೆಳಕು ಬೀಳೋ ಕಡೆ ಅದನ್ನೇ ಇಡು.

ಭಾರಕ್ಕೆ ದೊಡ್ಡಪ್ಪನ ನಿಘಂಟು ಇದೆ, ಬಂದು ತಗೊಂಡು ಹೋಗು.