‘ಬಲ್ಕ್ ಡೆನ್ಸಿಟಿ’ಗೆ ‘ಲೀಟರ್ ತೂಕ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಮಾತ್ರೆ ಮಾಡುವ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದು, ಈಗ ಸೋಮವಾರಪೇಟೆಯ ಮನೆಗೆ ಬಂದು ಕೂತಿದ್ದೇನೆ. ಕಾಫಿ, ಮೆಣಸು ನೋಡಿಕೊಳ್ಳುವುದರ ನಡುವೆ, ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಮಿಕ್ಸರ್‌ಗೆ, ಬ್ಲೆಂಡರ್‌ಗೆ ಒಂದು ಸಲಕ್ಕೆ ಎಷ್ಟು ಕೆಜಿ ಹಾಕಬಹುದು ಅನ್ನುವ ಅಧ್ಯಾಯಕ್ಕೆ ಬಂದು ನಿಂತಿದೆ. ಲೆಕ್ಕ ಸುಲಭ. ತಕರಾರು ಪದಗಳದ್ದು.

ಮೊದಲನೆಯದು ‘ಕೆಪ್ಯಾಸಿಟಿ’. ‘ಸಾಮರ್ಥ್ಯ’ ಅಂತ ಬರೆದರೆ ಮೋಟರಿನ ಬಲ ಅಂತ ಓದುವವರೂ ಇದ್ದಾರೆ. ಮಿಕ್ಸರ್ 600 ಲೀಟರಿನದು ಅಂದರೆ ಸಾಮಾನ್ಯವಾಗಿ ಅದು ಬಾಯಿ ತನಕದ ಅಳತೆ. ಕೆಲಸಕ್ಕೆ ಸಿಗುವುದು ಮುಕ್ಕಾಲು ಭಾಗ, ಜಾಸ್ತಿ ಅಂದರೆ ನೂರಕ್ಕೆ ಎಂಬತ್ತು, ಅಂದರೆ 480 ಲೀಟರ್. ಉರುಳುವ ಬ್ಲೆಂಡರ್‌ನಲ್ಲಿ ಇನ್ನೂ ಕಮ್ಮಿ, ಅರ್ಧದಿಂದ ಮುಕ್ಕಾಲಿನ ಒಳಗೆ. ಪುಡಿ ಮಗುಚಿ ಬೀಳಲು ಜಾಗ ಬೇಕಲ್ವಾ? ಸೇರಿದ ಹೊಸತರಲ್ಲಿ ನಾನೇ ‘ಇನ್ನೂ ಜಾಗ ಇದೆ’ ಅಂತ ಬ್ಲೆಂಡರ್ ಕುತ್ತಿಗೆ ತನಕ ತುಂಬಿಸಿದ್ದೆ. ಪುಡಿ ಇದ್ದಲ್ಲೇ ಇತ್ತು. ಮೇಲಿನ ಸ್ಯಾಂಪಲ್‌ನಲ್ಲಿ ಔಷಧಿ ಜಾಸ್ತಿ, ಕೆಳಗಿನದರಲ್ಲಿ ಕಮ್ಮಿ. ಆವತ್ತು ಬೈಸಿಕೊಂಡಿದ್ದು ಇನ್ನೂ ಕಿವಿಯಲ್ಲಿದೆ. ಹಾಗಾಗಿ ‘ತುಂಬು ಅಳತೆ’, ‘ಕೆಲಸದ ಅಳತೆ’ ಅಂತ ಎರಡು ಪದ ಇಟ್ಟಿದ್ದೇನೆ.

ಎರಡನೆಯದೇ ನನ್ನ ಮುಖ್ಯ ಪ್ರಶ್ನೆ. ಲೀಟರನ್ನು ಕೆಜಿ ಮಾಡಬೇಕಾದರೆ ‘ಬಲ್ಕ್ ಡೆನ್ಸಿಟಿ’ ಬೇಕು, ಅಂದರೆ ಸುಮ್ಮನೆ ಸುರಿದ ಪುಡಿ ಲೀಟರಿಗೆ ಎಷ್ಟು ತೂಗುತ್ತದೆ ಅನ್ನುವ ಅಂಕಿ. ಮೊದಲು ‘ರಾಶಿ ಸಾಂದ್ರತೆ’ ಅಂತ ಬರೆದೆ. ಓದಿದ ಹುಡುಗ ಮುಖ ನೋಡಿದ. ಆಮೇಲೆ ಒಂದು ದಿನ ಮೆಣಸು ಮಾರಲು ಹೋಗಿದ್ದೆ. ವ್ಯಾಪಾರಿ ಒಂದು ಲೀಟರ್ ಡಬ್ಬಿಗೆ ಮೆಣಸು ಸುರಿದು, ತಲೆ ಸವರಿ, ತಕ್ಕಡಿಗಿಟ್ಟ. 550 ಗ್ರಾಂ ಬಂದರೆ ಗಟ್ಟಿ ಕಾಳು, ಜೊಳ್ಳು ಜಾಸ್ತಿ ಇದ್ದರೆ ತೂಕ ಇಳಿಯುತ್ತದೆ. ಇದಕ್ಕೆ ಲೀಟರ್ ತೂಕ ಅನ್ನುತ್ತೇವೆ. ಅರೆ, ನಾನು ಹುಡುಕುತ್ತಿದ್ದದ್ದು ಇದೇ ಅಲ್ವಾ!

ಈಗ ಲೆಕ್ಕ ಹೀಗೆ ಓದುತ್ತದೆ: ‘ಪುಡಿಯ ಲೀಟರ್ ತೂಕ 450 ಗ್ರಾಂ. ಕೆಲಸದ ಅಳತೆ 480 ಲೀಟರ್. ಗುಣಿಸಿದರೆ 216 ಕೆಜಿ.’ ಲೀಟರ್ ಅಂದರೆ ಕೆಜಿ ಅಂದುಕೊಳ್ಳುವ ಹಾಲಿನ ಲೆಕ್ಕ ಅಲ್ಲಿಗೇ ಬಿದ್ದುಹೋಗುತ್ತದೆ. ಅದೇ 216 ಕೆಜಿ ಮಿಕ್ಸರ್‌ನಲ್ಲಿ ಅಂಟು ದ್ರವ ಸೇರಿ ಸಣ್ಣ ಕಾಳುಗಳಾಗಿ, ಒಣಗಿ, ಜರಡಿಯಾಗಿ, ಲೀಟರ್ ತೂಕ 500 ಗ್ರಾಂಗೆ ಬಂತು ಅನ್ನಿ. ಆಗ ಅದು 432 ಲೀಟರ್. ಬ್ಲೆಂಡರ್ ನೂರಕ್ಕೆ ಅರವತ್ತು ತುಂಬಬೇಕು ಅಂದರೆ ಅದರ ತುಂಬು ಅಳತೆ 720 ಲೀಟರ್ ಇರಬೇಕು.

ತೊಡಕು ಇರುವುದು ‘ಟ್ಯಾಪ್ಡ್ ಡೆನ್ಸಿಟಿ’ಯಲ್ಲಿ. ಲ್ಯಾಬ್‌ನಲ್ಲಿ ಪುಡಿ ತುಂಬಿದ ಸಿಲಿಂಡರನ್ನು 10, 500, 1250 ಸಲ ತಟ್ಟಿ ನೋಡುತ್ತಾರೆ. ಪುಡಿ ಕುಗ್ಗುತ್ತದೆ, ಅಂಕಿ ಏರುತ್ತದೆ. ಆ ಅಂಕಿ ಹಿಡಿದು ಲೆಕ್ಕ ಹಾಕಿದರೆ ಸುರಿದ ಪುಡಿ ಅಂದುಕೊಂಡ ಮಟ್ಟ ದಾಟಿಬಿಡುತ್ತದೆ. ‘ಸುರಿದ ಲೀಟರ್ ತೂಕ’, ‘ತಟ್ಟಿದ ಲೀಟರ್ ತೂಕ’ ಅಂದರೆ ಸಾಕಾ? ಅಕ್ಕಿ ಅಳೆಯುವಾಗ ಸೇರನ್ನು ಅಲುಗಿಸಿ ತುಂಬುವುದಕ್ಕೆ ನಿಮ್ಮ ಕಡೆ ಬೇರೆ ಮಾತಿದ್ದರೆ ತಿಳಿಸಿ.

ಆ ಸಣ್ಣ ಕಾಳಿಗೆ, ಅಂದರೆ ‘ಗ್ರಾನ್ಯೂಲ್’ಗೆ, ‘ತರಿ’ ಇಟ್ಟಿದ್ದೇನೆ. ಕಡಂಬುಟ್ಟಿನ (ಕೊಡಗಿನ ಅಕ್ಕಿ ಕಡುಬು) ಅಕ್ಕಿ ತರಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಅದು ಅಕ್ಕಿ ಒಡೆದು ಬಂದ ತರಿ. ಇಲ್ಲಿ ಪುಡಿಗೆ ಅಂಟು ದ್ರವ ಹಾಕಿ ತರಿ ಕಟ್ಟಿಸುತ್ತೇವೆ. ಹದ ನೋಡುವುದು ಮಾತ್ರ ಪುಟ್ಟಿನ ಹಿಟ್ಟಿನ ಹಾಗೇ: ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಲ್ಲಿ ಒತ್ತಿದರೆ ಒಡೆಯಬೇಕು. ‘ತರಿಗಟ್ಟಿಸು’ ಅಂದರೆ ಒಪ್ಪುತ್ತೀರಾ?

ಕೊನೆಗೆ ‘ಬ್ಯಾಚ್’. ಇಡ್ಲಿಗೆ ಮೊದಲ ಒಬ್ಬೆ, ಎರಡನೇ ಒಬ್ಬೆ ಅನ್ನುತ್ತೇವಲ್ಲ, ಆ ‘ಒಬ್ಬೆ’ ನನಗೆ ತುಂಬ ಇಷ್ಟ. ಮನೆಯವಳು ‘ಔಷಧಿಗೆ ಇಡ್ಲಿ ಪದವಾ?’ ಅಂತ ನಗುತ್ತಾಳೆ. ಬ್ಯಾಚ್ ನಂಬರನ್ನು ‘ಒಬ್ಬೆ ನಂಬರ್’ ಮಾಡುವಷ್ಟು ಧೈರ್ಯ ನನಗೂ ಇಲ್ಲ. ನಿಮ್ಮ ಊರಲ್ಲಿ ಒಬ್ಬೆ ಅಡುಗೆಮನೆಯ ಆಚೆಗೂ ಬಳಕೆಯಲ್ಲಿದೆಯಾ?